ಹಲಗೆ ಹಾಕುವ ಹೊತ್ತು, ಹಲಗೆ ತೆಗೆಯುವ ಹೊತ್ತು

(ಉಡುಪಿಯಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪಕ್ಷಿಧಾಮ ಎಂದ ಕೂಡಲೇ ನಮಗೆ ನೆನಪಾಗುವುದು ಒಂದು ಬೇಲಿ, ಒಂದು ಬೋರ್ಡು, ಗೇಟಿನಲ್ಲಿ ಕೂತ ಒಬ್ಬ ಕಾವಲುಗಾರ. ಜನ ಒಳಗೆ ಹೋಗದಿದ್ದರೆ ಸಾಕು, ಉಳಿದದ್ದನ್ನು ಪ್ರಕೃತಿಯೇ ನೋಡಿಕೊಳ್ಳುತ್ತದೆ ಎಂದು ನಾವು ನಂಬುತ್ತೇವೆ. ದಟ್ಟ ಕಾಡಿನ ಮಟ್ಟಿಗೆ ಈ ನಂಬಿಕೆ ಬಹುಪಾಲು ಸರಿ. ಜೌಗು ಪ್ರದೇಶದ ಲೆಕ್ಕ ಬೇರೆ. ಅಲ್ಲಿ ನೀರು ಏರಬೇಕು, ಇಳಿಯಬೇಕು, ಕೆಲವು ಕಡೆ ಪೂರ್ತಿ ಒಣಗಬೇಕು. ಹುಲ್ಲು ಬೆಳೆಯಬೇಕು, ಅದನ್ನು ಯಾರಾದರೂ ಮೇಯಬೇಕು ಅಥವಾ ಕೊಯ್ಯಬೇಕು. ಇದರಲ್ಲಿ ಎಷ್ಟೋ ಕೆಲಸ ಮನುಷ್ಯರ ಕೈಯಿಂದಲೇ ಆಗುತ್ತಾ ಬಂದಿದೆ. ಆ ಕೈ ನಿಂತರೆ ಜೌಗು ಕೆಡುತ್ತದೆ. ನಮ್ಮ ಕರಾವಳಿಯಲ್ಲಿ ಈಗ ಆಗುತ್ತಿರುವುದು ಅದೇ. ಇವತ್ತು ನಾನು ಹೇಳಬೇಕೆಂದಿರುವ ವಿಷಯವೂ ಅದೇ.

ಮೊದಲು ರಾಜಸ್ಥಾನದ ಭರತಪುರಕ್ಕೆ ಹೋಗಿ ಬರೋಣ. ಅಲ್ಲಿನ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ಸುಮಾರು 29 ಚದರ ಕಿಲೋಮೀಟರ್ ಜಾಗ. ಅದು ತಾನಾಗಿ ಆದ ಜೌಗಲ್ಲ. 18ನೇ ಶತಮಾನದಲ್ಲಿ ಅಜಾನ್ ಎಂಬ ಕಟ್ಟೆ ಕಟ್ಟಿದ ಮೇಲೆ ತಗ್ಗಿನಲ್ಲಿ ನೀರು ನಿಂತು ಹುಟ್ಟಿಕೊಂಡದ್ದು. ಒಳಗೆಲ್ಲ ಸಣ್ಣ ಸಣ್ಣ ದಿಣ್ಣೆಗಳು, ತೂಬುಗಳು. ಯಾವ ಭಾಗಕ್ಕೆ ಎಷ್ಟು ನೀರು ಎಂದು ಬಿಡಬಹುದು, ತಡೆಯಬಹುದು. ಸುತ್ತಲಿನ ಹಳ್ಳಿಯವರ ಎಮ್ಮೆಗಳು ಬಹಳ ಕಾಲದಿಂದ ಅಲ್ಲೇ ಮೇಯುತ್ತಿದ್ದವು. 1982ರಲ್ಲಿ ಮೇಯಿಸುವುದನ್ನು ನಿಷೇಧಿಸಿದರು. ಉದ್ದೇಶ ಒಳ್ಳೆಯದೇ ಇತ್ತು, ಹಕ್ಕಿಗಳಿಗೆ ತೊಂದರೆ ಆಗಬಾರದು ಅಂತ. ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು.

ಆಮೇಲೆ ಏನಾಯಿತು? ಎಮ್ಮೆಗಳು ತಿನ್ನುತ್ತಿದ್ದ ಪಾಸ್ಪಾಲಮ್ ಎಂಬ ನೀರು ಹುಲ್ಲು ಯಾರ ತಡೆಯೂ ಇಲ್ಲದೆ ಹಬ್ಬಿತು. ತೆರೆದ ನೀರು ಮುಚ್ಚಿಹೋಯಿತು. ಬಾತುಗಳಿಗೆ ಇಳಿಯಲು ಜಾಗ ಕಡಿಮೆಯಾಯಿತು. ಕೆಸರಿನಲ್ಲಿ ಗೆಡ್ಡೆ ಅಗೆದು ತಿನ್ನುವ ಸೈಬೀರಿಯಾದ ಕೊಕ್ಕರೆಗಳಿಗೂ ಕಷ್ಟವಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ಸುಮಾರು ಹತ್ತು ವರ್ಷ ಅಧ್ಯಯನ ಮಾಡಿತು. ಎಮ್ಮೆಗಳು ಈ ಜೌಗಿನ ಒಂದು ಅಂಗವೇ ಆಗಿದ್ದವು, ಅವು ಹೋದದ್ದರಿಂದ ನಷ್ಟವಾಗಿದೆ ಎಂದು ಹೇಳಿತು. 1990ರಲ್ಲಿ ಕೇವಲಾದೇವ್ ಹೆಸರು, ಜೌಗುಗಳನ್ನು ಉಳಿಸಲು ದೇಶಗಳು ಮಾಡಿಕೊಂಡ ರಾಮ್ಸರ್ ಒಪ್ಪಂದದ ಮಾಂಟ್ರೋ ಪಟ್ಟಿಗೆ ಸೇರಿತು. ಆರೋಗ್ಯ ಕೆಡುತ್ತಿರುವ ಜೌಗುಗಳ ಪಟ್ಟಿ ಅದು. ಸೈಬೀರಿಯಾದ ಕೊಕ್ಕರೆ ಅಲ್ಲಿ ಕೊನೆಯ ಸಲ ಕಂಡದ್ದು 2002ರಲ್ಲಿ. ಆ ಹಕ್ಕಿ ಬಾರದೇ ಇರುವುದಕ್ಕೆ ದಾರಿಯಲ್ಲಿನ ಬೇಟೆಯೂ ಕಾರಣ. ಎಲ್ಲವನ್ನೂ ಹುಲ್ಲಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಬೇಲಿ ಹಾಕಿದ್ದೇ ಮದ್ದು ಎಂದುಕೊಂಡವರಿಗೆ ಭರತಪುರ ಸರಿಯಾಗಿಯೇ ಉತ್ತರ ಕೊಟ್ಟಿದೆ.

ಮುಂದೆ ಅಲ್ಲೇ ಒಂದು ಒಳ್ಳೆಯ ಕೆಲಸವೂ ಆಯಿತು. ಒಣ ಭಾಗಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿತ್ತು. ಅದನ್ನು ಬೇರುಸಮೇತ ಕೀಳುವುದಕ್ಕೆ ಹಳ್ಳಿಯವರನ್ನೇ ಕರೆದರು. ಕಿತ್ತ ಸೌದೆಯನ್ನು ಅವರೇ ಒಯ್ಯಬಹುದು ಎಂದು ಒಪ್ಪಂದವಾಯಿತು. ಒಮ್ಮೆ ಹೊರಗೆ ಅಟ್ಟಿದ ಜನರನ್ನೇ ಕೆಲಸಕ್ಕಾಗಿ ಒಳಗೆ ಕರೆಯಬೇಕಾಯಿತು. ನನಗೆ ಈ ಭಾಗ ಬಹಳ ಮುಖ್ಯ ಎನಿಸುತ್ತದೆ.

ನಮ್ಮ ರಾಜ್ಯದ ರಂಗನತಿಟ್ಟು ಕೂಡ ಹೀಗೆಯೇ. 17ನೇ ಶತಮಾನದಲ್ಲಿ ಕಾವೇರಿಗೆ ಕಟ್ಟೆ ಕಟ್ಟಿದ್ದರಿಂದ ಉಂಟಾದ ತಿಟ್ಟುಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇಲೆ 1940ರಲ್ಲಿ ಮೈಸೂರಿನ ಅರಸರು ಅದನ್ನು ಪಕ್ಷಿಧಾಮ ಮಾಡಿದರು. 2022ರಲ್ಲಿ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು. ಇಷ್ಟೆಲ್ಲ ಗೌರವ ಇದ್ದರೂ, ಮೇಲಿನ ಅಣೆಕಟ್ಟೆಯಿಂದ ಒಮ್ಮೆಲೇ ನೀರು ಬಿಟ್ಟರೆ ತಿಟ್ಟಿನ ಮಣ್ಣು ಕೊಚ್ಚಿಹೋಗುತ್ತದೆ, ಮರಗಳು ಉರುಳುತ್ತವೆ, ಗೂಡುಗಳು ನೀರು ಪಾಲಾಗುತ್ತವೆ. ಅರಣ್ಯ ಇಲಾಖೆಯವರು ಮರಳು ಮೂಟೆ ಪೇರಿಸಿ ತಿಟ್ಟುಗಳನ್ನು ಉಳಿಸಿಕೊಳ್ಳಬೇಕಾಗಿದೆ. ಪಕ್ಷಿಧಾಮದ ಹಣೆಬರಹ ಪಕ್ಷಿಧಾಮದ ಗಡಿಯೊಳಗೆ ಮಾತ್ರ ಇರುವುದಿಲ್ಲ, ಅಲ್ವಾ? ಮೇಲೆ ಗೇಟು ತಿರುಗಿಸುವವರ ಕೈಯಲ್ಲೂ ಇರುತ್ತದೆ.

ಈಗ ನೀರಿನ ಆಳದ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ನಿರ್ವಹಣೆ ನಿಂತಿರುವುದು ಇದರ ಮೇಲೆ. ಗೊರವದಂಥ ಸಣ್ಣ ಹಕ್ಕಿಗೆ ಬೇಕಾದದ್ದು ಹಸಿ ಕೆಸರು, ಹೆಚ್ಚೆಂದರೆ ಎರಡು ಬೆರಳು ನೀರು. ಮೆಟ್ಟುಗಾಲು ಹಕ್ಕಿಗೆ ಕಾಲು ಉದ್ದ, ಅದಕ್ಕಿಂತ ಸ್ವಲ್ಪ ಜಾಸ್ತಿ ಆದರೂ ನಡೆಯುತ್ತದೆ. ಸೂಜಿಬಾಲದ ಬಾತಿನಂಥವು ಮುಳುಗುವುದಿಲ್ಲ. ಬಾಲ ಮೇಲೆತ್ತಿ, ತಲೆ ಕೆಳಗೆ ಮಾಡಿ, ಕತ್ತು ಎಟಕುವಷ್ಟು ಆಳದಲ್ಲಿ ಮಾತ್ರ ಮೇಯುತ್ತವೆ. ಒಂದು ಗೇಣು, ಸ್ವಲ್ಪ ಮೇಲೆ. ನೀರುಕಾಗೆ ಮಾತ್ರ ಆಳಕ್ಕೆ ಮುಳುಗಿ ಮೀನು ಹಿಡಿಯುತ್ತದೆ. ಅಂದರೆ ಒಂದು ಕೆರೆಯಲ್ಲಿ ಎಲ್ಲೆಡೆ ಹತ್ತು ಅಡಿ ನೀರಿದ್ದರೆ ಅದು ನೀರುಕಾಗೆಯ ಕೆರೆ. ಉಳಿದವರಿಗೆ ಅಲ್ಲಿ ಊಟ ಇಲ್ಲ.

ಅಮೆರಿಕದ ಬಾತುಧಾಮಗಳಲ್ಲಿ ಇದನ್ನು ವರ್ಷದ ಪಂಚಾಂಗದ ಹಾಗೆ ನಡೆಸುತ್ತಾರೆ. ವಸಂತದಲ್ಲಿ ತೂಬು ತೆರೆದು ನೀರನ್ನು ನಿಧಾನವಾಗಿ ಇಳಿಸುತ್ತಾರೆ. ಹಸಿ ನೆಲದಲ್ಲಿ ಕಾಡು ಧಾನ್ಯದ ಹುಲ್ಲುಗಳು ಮೊಳೆಯುತ್ತವೆ, ಬೇಸಿಗೆಯಲ್ಲಿ ಬೀಜ ಕಟ್ಟುತ್ತವೆ. ಬಾತುಗಳು ವಲಸೆ ಬರುವ ಹೊತ್ತಿಗೆ ಮತ್ತೆ ತೆಳುವಾಗಿ ನೀರು ತುಂಬಿಸುತ್ತಾರೆ. ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ಹಕ್ಕಿಗೆ ಬೆಳೆ ಸಿದ್ಧ. ಇಲ್ಲಿ ಗದ್ದೆ ಮಾಡಿದ ಹಿರಿಯರು ತುಂಬ ಜನ ಕೂತಿದ್ದೀರಿ. ಇದರಲ್ಲಿ ನಿಮಗೆ ಹೊಸದೇನೂ ಕಾಣುವುದಿಲ್ಲ. ತಗ್ಗಿನ ಬೈಲು ಗದ್ದೆಯಲ್ಲಿ ಮಳೆಗಾಲದ ಏಣೆಲು ಬೆಳೆ ಮುಗಿಸಿ, ನೀರು ಇಳಿಸಿ, ಎರಡನೆಯ ಬೆಳೆ ಸುಗ್ಗಿ ಮಾಡಿ, ನೀರಿದ್ದರೆ ಮೂರನೆಯ ಬೆಳೆ ಕೊಳಕೆಯನ್ನೂ ಮಾಡುತ್ತಿದ್ದವರು ನೀವು. ಒಂದು ಗದ್ದೆಯಲ್ಲಿ ಉಳುಮೆಯ ಕೆಸರು, ಪಕ್ಕದ್ದರಲ್ಲಿ ನಿಂತ ನೀರು, ಅದರಾಚೆ ಕೊಯ್ಲಾದ ಕೂಳೆ. ಬೆಳ್ಳಕ್ಕಿಗೂ ಗೊರವಕ್ಕೂ ಹುಂಡುಕೋಳಿಗೂ ಬೇಕಾದ ಬೇರೆ ಬೇರೆ ಆಳಗಳು ಒಂದೇ ಬೈಲಿನಲ್ಲಿ ಸಿಗುತ್ತಿದ್ದವು. ಅದನ್ನು ಯಾರೂ ಪಕ್ಷಿಧಾಮ ಎಂದು ಕರೆಯಲಿಲ್ಲ, ಅಷ್ಟೇ.

ಈಗ ನಮ್ಮ ಊರುಗಳಲ್ಲಿ ನಡೆಯುವ ಕೆರೆ ಅಭಿವೃದ್ಧಿಯನ್ನು ನೋಡಿ. ಹೂಳು ತೆಗೆಯುವುದು ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಸಾಮಾನ್ಯವಾಗಿ ಮಾಡುವುದು ಏನು? ನಡುವಿನಿಂದ ಅಂಚಿನವರೆಗೆ ಒಂದೇ ಆಳಕ್ಕೆ ಅಗೆಯುತ್ತಾರೆ. ಸುತ್ತ ನೆಟ್ಟಗೆ ಕಲ್ಲಿನ ಗೋಡೆ ಕಟ್ಟುತ್ತಾರೆ. ಮೇಲೆ ಇಂಟರ್‌ಲಾಕ್ ಹಾಸಿದ ವಾಕಿಂಗ್ ದಾರಿ, ರಾತ್ರಿ ಇಡೀ ದೀಪ. ಜನರಿಗೆ ಚಂದ ಕಾಣುತ್ತದೆ. ಆದರೆ ಕೆರೆಯ ಜೀವ ಇರುವುದು ಅಂಚಿನಲ್ಲಿ. ಇಳಿಜಾರಾದ ಮಣ್ಣಿನ ಅಂಚು, ಅಲ್ಲಿ ಜೊಂಡು, ಜೊಂಡಿನ ಸಂದಿನಲ್ಲಿ ಕಪ್ಪೆ ಮೊಟ್ಟೆ, ಮೀನುಮರಿ, ಹುಂಡುಕೋಳಿಯ ಗೂಡು. ನೆಟ್ಟಗಿನ ಗೋಡೆಯ ಬುಡದಲ್ಲಿ ಇದ್ಯಾವುದೂ ಇರುವುದಿಲ್ಲ. ನೀರಿಗೆ ಬಿದ್ದ ಆಮೆ ಮೇಲೆ ಹತ್ತುವುದಕ್ಕೂ ದಾರಿ ಇಲ್ಲ. ಒಂದು ಬದಿಯನ್ನಾದರೂ ಮಣ್ಣಿನ ಇಳಿಜಾರಾಗಿ ಬಿಡಿ, ಆ ಬದಿಗೆ ದೀಪ ಬೇಡ, ದಾರಿ ಬೇಡ. ಇಷ್ಟು ಕೇಳಿದರೆ ದುಡ್ಡು ಜಾಸ್ತಿ ಬೇಕಾಗುವುದಿಲ್ಲ, ಉಳಿಯುತ್ತದೆ.

ಇನ್ನು ನಮ್ಮ ಕಿಂಡಿ ಅಣೆಕಟ್ಟುಗಳು, ಅಂದರೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ, ಹಲಗೆ ತೆಗೆದು ನೀರು ಬಿಡುವ ಕಟ್ಟೆಗಳು. ತುಂಬೆಯಂಥ ದೊಡ್ಡದರಿಂದ ಹಿಡಿದು ಸಣ್ಣ ಹಳ್ಳದಂಥ ತೋಡಿಗೆ ಕಟ್ಟಿದ ಸಣ್ಣದರವರೆಗೆ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಎಷ್ಟೋ ಉಂಟು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಹಾಗಾಗಿ ಮಳೆ ಮುಗಿದ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುವುದು, ಹೊಳೆ ಕಡಲು ಸೇರುವ ಅಳಿವೆ ಕಡೆಯಿಂದ ಉಪ್ಪು ನೀರು ಮೇಲೆ ಬಾರದಂತೆ ತಡೆಯುವುದು ಬುದ್ಧಿವಂತಿಕೆಯ ಕೆಲಸ. ಬಾವಿಗಳಲ್ಲಿ ನೀರು ಉಳಿಯುತ್ತದೆ. ಇದನ್ನು ಬೇಡ ಎನ್ನುವವನು ನಾನಲ್ಲ.

ನನ್ನ ಮಾತು ಹೊತ್ತಿನ ಬಗ್ಗೆ. ಹಲಗೆ ಹಾಕಿದ ದಿನ ಮೇಲಿನ ಹೊಳೆ ಕೆರೆಯಾಗುತ್ತದೆ, ಮರಳು ದಿಬ್ಬಗಳು ಮುಳುಗುತ್ತವೆ. ಕೆಳಗಿನ ಹೊಳೆಗೆ ಸಿಹಿನೀರು ಹೋಗುವುದು ನಿಂತೇಬಿಡುತ್ತದೆ. ಅಳಿವೆಯಲ್ಲಿ ಮರುವಾಯಿ ಎಂಬ ಚಿಪ್ಪು, ಸಿಗಡಿ, ಏಡಿ, ಕಾಣೆ ಮೀನು ಬದುಕುವುದು ಸಿಹಿ ಮತ್ತು ಉಪ್ಪು ಬೆರೆತ ನೀರಿನಲ್ಲಿ. ಬೆರಕೆ ತಪ್ಪಿದರೆ ಅವುಗಳ ಲೆಕ್ಕ ತಪ್ಪುತ್ತದೆ. ಒಂದೇ ದಿನ ಎಲ್ಲ ಕಿಂಡಿ ಮುಚ್ಚುವ ಬದಲು ಹಂತ ಹಂತವಾಗಿ ಹಾಕಬಹುದು. ಒಂದು ಕಿಂಡಿಯಲ್ಲಿ ಒಂದು ಹಲಗೆ ಕಡಿಮೆ ಇಟ್ಟರೆ ಕೆಳಕ್ಕೆ ಸ್ವಲ್ಪವಾದರೂ ನೀರು ಹರಿಯುತ್ತಿರುತ್ತದೆ. ಈಗ ಕೆಲವು ಕಡೆ ಹಗುರವಾದ ಫೈಬರ್ ಹಲಗೆಗಳು ಬಂದಿವೆ. ಹಾಕುವುದೂ ತೆಗೆಯುವುದೂ ಮೊದಲಿನಷ್ಟು ಕಷ್ಟವಲ್ಲ.

ತೆಗೆಯುವ ಹೊತ್ತು ಇನ್ನೂ ಮುಖ್ಯ. ಮೊದಲ ಮಳೆಗೆ ಹೊಳೆಯಲ್ಲಿ ಕೆಂಪು ನೀರು ಬಂದಾಗ ಮುಗುಡಿನಂಥ ಮೀನುಗಳು ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೆ ಬರುತ್ತವೆ. ಹೀಗೆ ಹತ್ತಿ ಬರುವ ಉಬರ್ ಮೀನು ಹಿಡಿಯಲು ರಾತ್ರಿ ಟಾರ್ಚ್ ಹಿಡಿದು ಹೋದವರು ಇಲ್ಲಿ ಇದ್ದೇ ಇರುತ್ತೀರಿ. ಆ ಹೊತ್ತಿಗೆ ಹಲಗೆ ಇನ್ನೂ ಅಲ್ಲೇ ಇದ್ದರೆ ಮೀನು ಕೆಳಗೇ ಗುಂಪಾಗಿ ನಿಲ್ಲುತ್ತದೆ, ಬಲೆ ಬೀಸಿದವರಿಗೆ ಸುಲಭವಾಗಿ ಸಿಗುತ್ತದೆ. ಮೊಟ್ಟೆ ಹೊತ್ತ ಮೀನು ಮಾರಾಯ್ರೆ ಅದು. ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಕೊಡುವ ನಾವು, ತೋಡಿನ ಮೀನಿಗೆ ಒಂದು ವಾರವಾದರೂ ದಾರಿ ಬಿಡಬಾರದಾ? ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆ ಕಳೆಯುವುದರೊಳಗೆ ಹಲಗೆ ಮೇಲೆ ಬಂದಿರಬೇಕು. ತಡವಾದರೆ ರೈತರಿಗೂ ನಷ್ಟ. ಮರದ ತುಂಡು, ಕಸ ಎಲ್ಲ ಕಿಂಡಿಗೆ ಸಿಕ್ಕಿಕೊಂಡು ನೀರು ಬದಿಯ ಗದ್ದೆ, ತೋಟಗಳಿಗೆ ನುಗ್ಗುತ್ತದೆ.

ಅಳಿವೆಗೆ ಇಳಿಯೋಣ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಬಗ್ಗೆ ಈಗ ಜನರಿಗೆ ಪ್ರೀತಿ ಬಂದಿದೆ. ಇದು ಸಂತೋಷದ ಸಂಗತಿ. ಕುಂದಾಪುರದ ಪಂಚಗಂಗಾವಳಿಯಲ್ಲಿ ದೋಣಿಯಲ್ಲಿ ಹೋಗಿ ಕಾಂಡ್ಲಾ ನೋಡಿ ಬರುತ್ತಾರೆ. ಪರಿಸರ ದಿನಕ್ಕೆ ಶಾಲೆಯ ಮಕ್ಕಳು ಗಿಡ ನೆಡುತ್ತಾರೆ. ಆದರೆ ನೆಡುವ ಜಾಗ ನೋಡಬೇಕು. ಇಳಿತದ ಹೊತ್ತಿನಲ್ಲಿ ಕೆಸರು ಬಯಲಾಗಿ ಬಿದ್ದಿರುತ್ತದಲ್ಲ, ಅದು ಖಾಲಿ ಜಾಗದಂತೆ ಕಾಣುತ್ತದೆ. ಖಾಲಿ ಅಲ್ಲ. ಆ ಕೆಸರಿನೊಳಗೆ ಹುಳು, ಚಿಪ್ಪು, ಸಣ್ಣ ಏಡಿ ತುಂಬಿರುತ್ತವೆ. ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಬಂದ ಗೊರವಗಳು ಚಳಿಗಾಲ ಪೂರ್ತಿ ಬದುಕುವುದು ಅದನ್ನೇ ತಿಂದು. ಮರುವಾಯಿ ಹೆಕ್ಕುವ ಹೆಂಗಸರ ಸಂಪಾದನೆಯೂ ಅಲ್ಲೇ. ಅಲ್ಲಿ ಗಿಡ ನೆಟ್ಟರೆ ಎರಡು ರೀತಿಯ ನಷ್ಟ. ತೀರಾ ತಗ್ಗು ಜಾಗವಾದ್ದರಿಂದ ಗಿಡ ಹೆಚ್ಚು ಹೊತ್ತು ಮುಳುಗಿ ಸಾಯುತ್ತದೆ. ಅಕಸ್ಮಾತ್ ಬದುಕಿದರೆ ಹಕ್ಕಿಯ ಬಯಲು ಹೋಗುತ್ತದೆ.

ಕಾಂಡ್ಲಾಕ್ಕೆ ನೆಡುವವರು ಅಷ್ಟೇನೂ ಬೇಕಾಗಿಲ್ಲ. ಹಲವು ಜಾತಿಗಳ ಬೀಜ ಮರದಲ್ಲೇ ಮೊಳೆತು, ಉದ್ದ ಕೋಡಿನಂತೆ ಇಳಿದು, ನೀರಿನಲ್ಲಿ ತೇಲಿಹೋಗಿ ತಾನೇ ಬೇರೂರುತ್ತದೆ. ಅದಕ್ಕೆ ಬೇಕಾದದ್ದು ಉಬ್ಬರದ ನೀರು ಬಂದು ಹೋಗುವ ದಾರಿ. ಹೊಳೆಯ ಕವಲಿಗೆ ಅಡ್ಡವಾಗಿ ಮಣ್ಣು ಹಾಕಿ ರಸ್ತೆ ಮಾಡಿ, ಒಂದೇ ಸಣ್ಣ ಪೈಪು ಇಟ್ಟರೆ ಒಳಗಿನ ನೀರು ನಿಂತು ಕೊಳೆಯುತ್ತದೆ. ಕೆಸರಿನಿಂದ ಮೇಲೆ ಮೊಳೆಗಳಂತೆ ಎದ್ದು ನಿಲ್ಲುವ ಉಸಿರು ಬೇರುಗಳು ಮುಳುಗಿಯೇ ಇದ್ದರೆ ಮರ ಉಸಿರು ಕಟ್ಟಿ ಸಾಯುತ್ತದೆ. ಅಂಥ ಕಡೆ ಸಾವಿರ ಸಸಿ ನೆಡುವ ಬದಲು ಆ ಪೈಪಿನ ಜಾಗಕ್ಕೆ ಅಗಲದ ಮೋರಿ ಮಾಡಿಸಿ. ನಾಲ್ಕೈದು ವರ್ಷದಲ್ಲಿ ಕಾಂಡ್ಲಾ ತಾನೇ ಬರುತ್ತದೆ. ಫೋಟೋಕ್ಕೆ ಮೋರಿ ಚಂದ ಕಾಣದಿರಬಹುದು, ಕೆಲಸ ಮಾಡುವುದು ಅದೇ.

ಕಳೆಗಳ ವಿಚಾರದಲ್ಲಿ ಒಂದು ಒಳ್ಳೆಯ ಸುದ್ದಿ ಹೇಳಬೇಕು. ಸಾಲ್ವೀನಿಯಾ ಎಂಬ ತೇಲುವ ಕಳೆ ಕೇರಳದ ಕುಟ್ಟನಾಡಿನಲ್ಲಿ ದೋಣಿ ಹೋಗದಷ್ಟು ತುಂಬಿತ್ತು. ಅಲ್ಲಿನವರು ಆಫ್ರಿಕನ್ ಪಾಯಲ್ ಎನ್ನುತ್ತಾರೆ, ಆದರೆ ಅದರ ತವರು ಬ್ರೆಜಿಲ್. ಬ್ರೆಜಿಲಿನಲ್ಲಿ ಅದನ್ನೇ ತಿಂದು ಬದುಕುವ ಸುಮಾರು 2 ಮಿಲಿಮೀಟರ್ ಉದ್ದದ ಒಂದು ಮೂತಿಹುಳು ಸಿಕ್ಕಿತು. 1980ರ ದಶಕದಲ್ಲಿ ಅದನ್ನು ತರಿಸಿ, ಬೇರೆ ಬೆಳೆಗೆ ತೊಂದರೆ ಇಲ್ಲ ಎಂದು ಪರೀಕ್ಷಿಸಿ, ಮೊದಲು ಬೆಂಗಳೂರಿನ ಒಂದು ತಾವರೆಕೊಳದಲ್ಲಿ ಬಿಟ್ಟರು. ಒಂದು ವರ್ಷದೊಳಗೆ ಕೊಳ ತಿಳಿಯಾಯಿತು. ಆಮೇಲೆ ಕುಟ್ಟನಾಡಿನಲ್ಲೂ ಕೆಲವೇ ವರ್ಷಗಳಲ್ಲಿ ದೋಣಿ ಓಡಾಡಿತು. ನೇರಳೆ ಹೂವಿನ ನೀರು ಹಯಸಿಂತ್ ಮೇಲೂ ಬೇರೆ ಮೂತಿಹುಳುಗಳನ್ನು ಬಿಟ್ಟಿದ್ದಾರೆ, ಅಷ್ಟು ಸಲೀಸಾಗಿ ಅದು ಬಗ್ಗಿಲ್ಲ. ಅದರ ಬೀಜ ಕೆಸರಿನಲ್ಲಿ ಹದಿನೈದು, ಇಪ್ಪತ್ತು ವರ್ಷ ಜೀವ ಹಿಡಿದಿರುತ್ತದೆ. ಒಮ್ಮೆ ಜೆಸಿಬಿ ತಂದು ತೆಗೆದು, ದಡದಲ್ಲೇ ರಾಶಿ ಹಾಕಿ ಹೋದರೆ ಏನೂ ಪ್ರಯೋಜನವಿಲ್ಲ. ಕೊಳೆತ ರಾಶಿಯ ಸಾರ ಮಳೆಗೆ ಮತ್ತೆ ನೀರಿಗೇ ಇಳಿಯುತ್ತದೆ. ತೆಗೆದದ್ದನ್ನು ದೂರ ಒಯ್ಯಬೇಕು, ಪ್ರತಿ ವರ್ಷ ಬರಬೇಕು. ಎಲ್ಲಕ್ಕಿಂತ ಮೊದಲು, ಅದಕ್ಕೆ ಗೊಬ್ಬರವಾಗುತ್ತಿರುವ ಚರಂಡಿ ನೀರನ್ನು ನಿಲ್ಲಿಸಬೇಕು.

ಹಕ್ಕಿಗಳು ಸಾಯುವ ಬಗ್ಗೆಯೂ ಒಂದು ಮಾತು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಸಾವಿರಗಟ್ಟಲೆ ವಲಸೆ ಹಕ್ಕಿಗಳು ಸತ್ತವು. ಕಾರಣ ಬಾಟುಲಿಸಂ ಎಂಬ ವಿಷ. ಬಿಸಿಯಾದ, ಆಮ್ಲಜನಕ ಇಲ್ಲದ ಕೊಳೆತ ಕೆಸರಿನಲ್ಲಿ ಒಂದು ಬ್ಯಾಕ್ಟೀರಿಯಾ ಇದನ್ನು ಮಾಡುತ್ತದೆ. ಸತ್ತ ಹಕ್ಕಿಯ ಮೈಯಲ್ಲಿ ನೊಣದ ಹುಳುಗಳಾಗುತ್ತವೆ, ಆ ಹುಳುಗಳಲ್ಲಿ ವಿಷ ಸೇರುತ್ತದೆ, ಅವನ್ನು ತಿಂದ ಹಕ್ಕಿಯೂ ಸಾಯುತ್ತದೆ. ಹೀಗೆ ಸುತ್ತು ನಡೆಯುತ್ತದೆ. ಇದನ್ನು ಮುರಿಯುವ ಮುಖ್ಯ ದಾರಿ ಸತ್ತ ಹಕ್ಕಿಗಳನ್ನು ಬೇಗ ಎತ್ತಿ ಹೂಳುವುದು ಅಥವಾ ಸುಡುವುದು. ನಿಮ್ಮ ಊರಿನ ಕೆರೆಯಲ್ಲಿ ಒಂದೇ ದಿನ ನಾಲ್ಕೈದು ಹಕ್ಕಿ ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಆದರೆ ಅವತ್ತೇ ಪಶುವೈದ್ಯರಿಗೆ ಮತ್ತು ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಾನೂನಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1971ರ ರಾಮ್ಸರ್ ಒಪ್ಪಂದದ ಲೆಕ್ಕದಲ್ಲಿ ಭತ್ತದ ಗದ್ದೆಯೂ ಜೌಗೇ. ಆದರೆ ನಮ್ಮ 2017ರ ಜೌಗು ಪ್ರದೇಶ ನಿಯಮಗಳು ಹೊಳೆಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೂ ನೀರಾವರಿಗೂ ಮನುಷ್ಯರು ಕಟ್ಟಿದ ಕೆರೆಗಳನ್ನು ಹೊರಗಿಟ್ಟಿವೆ. ಕರಾವಳಿಯ ಜೌಗಿನಲ್ಲಿ ಬಹುಪಾಲು ಇವೇ. ಕಾಂಡ್ಲಾಕ್ಕೆ ಮಾತ್ರ ಕರಾವಳಿ ನಿಯಂತ್ರಣ ವಲಯದ ರಕ್ಷಣೆ ಗಟ್ಟಿಯಾಗಿದೆ. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಆ ನದಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿನ ಜನ ಬಳಚು ಎಂಬ ಚಿಪ್ಪು ಹೆಕ್ಕುತ್ತಾರೆ, ಉಪ್ಪು ನೀರು ಬರುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ದುಡಿಯುವ ಜನರಿರುವ ಜೌಗಿಗೂ ಅಂತಾರಾಷ್ಟ್ರೀಯ ಮಾನ್ಯತೆ ಸಿಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಉಂಟು.

ಮಾತಿನ ನಂತರ ಬಂದ ಪ್ರಶ್ನೆಗಳು.

ಒಬ್ಬರು ಕೇಳಿದರು: "ಸರ್, ನಮ್ಮ ಬೈಲು ಹತ್ತು ವರ್ಷದಿಂದ ಸಾಗುವಳಿ ಇಲ್ಲದೆ ಹಡಿಲು ಬಿದ್ದಿದೆ. ಪ್ರಾಣಿ ಪಕ್ಷಿಗಳಿಗೆ ಅದು ಒಳ್ಳೆಯದೇ ಅಲ್ವಾ?"

ಮೊದಲ ಎರಡು ಮೂರು ವರ್ಷ ಒಳ್ಳೆಯದೇ. ಹುಲ್ಲು, ಕಪ್ಪೆ, ಹುಂಡುಕೋಳಿ ಜಾಸ್ತಿಯಾಗುತ್ತವೆ. ಆಮೇಲೆ ತೋಡಿನ ಹೂಳು ತೆಗೆಯುವವರಿಲ್ಲ, ಬದು ಕಟ್ಟುವವರಿಲ್ಲ. ಒಂದೇ ಜಾತಿಯ ಎತ್ತರದ ಹುಲ್ಲು ತುಂಬಿ ನೀರು ಕಾಣದಾಗುತ್ತದೆ. ಭರತಪುರದಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಎಂದರೆ, ಹಡಿಲು ಗದ್ದೆಯನ್ನು ಎಲ್ಲರೂ ಉಪಯೋಗಕ್ಕೆ ಬಾರದ ಜಾಗ ಎಂದು ನೋಡತೊಡಗುತ್ತಾರೆ. ಒಂದು ದಿನ ಕೆಂಪು ಮಣ್ಣಿನ ಲಾರಿಗಳು ಬರುತ್ತವೆ. ಸಾಗುವಳಿ ಆಗದಿದ್ದರೆ ಬೈಲಿನ ಒಂದು ಭಾಗದಲ್ಲಿ ದನ, ಎಮ್ಮೆ ಮೇಯಲಿ. ಇನ್ನೊಂದು ಭಾಗದ ಹುಲ್ಲನ್ನು ಮಳೆ ನಿಂತ ಮೇಲೆ ಕೊಯ್ಯಿರಿ. ತೋಡನ್ನು ಮಾತ್ರ ಪ್ರತಿ ವರ್ಷ ಬಿಡಿಸಿ, ಉದ್ಯೋಗ ಖಾತ್ರಿಯಲ್ಲಿ ಪಂಚಾಯತ್ ಮೂಲಕ ಅದನ್ನು ಮಾಡಿಸಬಹುದು.

ಇನ್ನೊಬ್ಬರು, ಕಾಲೇಜಿನ ಹುಡುಗಿ: "ನಾವು ಗಿಡ ನೆಡಬಾರದು ಅಂದ್ರೆ ಮತ್ತೇನು ಮಾಡ್ಬೇಕು ಸರ್?"

ನಿನ್ನ ಊರಿನ ಕಿಂಡಿ ಅಣೆಕಟ್ಟಿಗೆ ಈ ವರ್ಷ ಯಾವ ದಿನ ಹಲಗೆ ಹಾಕಿದರು, ಯಾವ ದಿನ ತೆಗೆದರು ಎಂದು ಬರೆದಿಡು ಮಗಾ. ಯಾರ ತೀರ್ಮಾನ, ಕೀಲಿ ಯಾರ ಬಳಿ ಇದೆ ಎಂದೂ ಕೇಳಿ ಬರಿ. ನೀರಿನ ಅಂಚಿನಲ್ಲಿ ಒಂದು ಅಳತೆ ಕೋಲು ನೆಟ್ಟು ವಾರಕ್ಕೊಮ್ಮೆ ನೋಡು. ಅದೇ ದಿನ, ಅದೇ ಹೊತ್ತಿಗೆ ಅಲ್ಲಿರುವ ಹಕ್ಕಿಗಳನ್ನು ಎಣಿಸು. ಮೂರು ವರ್ಷದ ಪುಸ್ತಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ರೈತರ ಜೊತೆ ಕೂತು, ಈ ದಿನದ ಬದಲು ಆ ದಿನ ಹಲಗೆ ತೆಗೆಯೋಣ ಎಂದು ಕೇಳಬಹುದು. ಬರೀ ಪ್ರೀತಿಯಿಂದ ಕೇಳಿದರೆ ಯಾರೂ ಬದಲಾಯಿಸುವುದಿಲ್ಲ, ಲೆಕ್ಕ ತೋರಿಸಿದರೆ ಕೇಳುತ್ತಾರೆ.

ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿದೆ, ಯಾರು ಬೇಕಾದರೂ ಸೇರಬಹುದು. ಈ ಸಲ ಅಳಿವೆ ಕಡೆಯೂ ಬೈಲುಗಳ ಕಡೆಯೂ ಒಟ್ಟಿಗೆ ಎಣಿಸುವ ಯೋಚನೆ ಉಂಟು. ಬರುವವರು ಹೊರಗಿನ ಮೇಜಿನಲ್ಲಿರುವ ಪುಸ್ತಕದಲ್ಲಿ ಹೆಸರು ಮತ್ತು ನಿಮ್ಮ ಊರಿನ ಬೈಲಿನ ಹೆಸರು ಬರೆದು ಹೋಗಿ. ಉಬ್ಬರ ಇಳಿತದ ವೇಳೆ ನೋಡಿಕೊಂಡು ಸಮಯ ತಿಳಿಸುತ್ತೇವೆ.